ಜೀಪು ನಿಂತಿದ್ದ ಜಾಗ

ಹಳೇ ಜೀಪೊಂದು ಮಾರಾಟಕ್ಕಿದೆ ಎಂಬ ಸುದ್ದಿ ತಂದವರು ನಮ್ಮ ತೋಟಕ್ಕೆ ಕಾಯಿ ಸುಲಿಯಲು ಬರುವವರು. ಚಿಕ್ಕನಾಯಕನಹಳ್ಳಿ ಕಡೆಯ ಒಂದು ತೋಟದ ಮನೆ. ಅಲ್ಲಿನ ಕೊಬ್ಬರಿ ಶೆಡ್ಡಿನಲ್ಲಿ ಎಂಟು ವರ್ಷದಿಂದ ನಿಂತಿದೆ, ಯಜಮಾನರು ತೀರಿಕೊಂಡ ಮೇಲೆ ಯಾರೂ ಮುಟ್ಟಿಲ್ಲ, ಅಜ್ಜಿ ಗುಜರಿಗೆ ಹಾಕುತ್ತೀನಿ ಅಂತಿದ್ದಾರೆ ಎಂದರು. ಗುಜರಿ ಎಂಬ ಮಾತು ಕಿವಿಗೆ ಬಿದ್ದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಭಾನುವಾರ ಬೆಳಿಗ್ಗೆಯೇ ತುರುವೇಕೆರೆ ಪಕ್ಕದ ನಮ್ಮೂರಿನಿಂದ ಬೈಕು ಹತ್ತಿ, ಕೆ.ಬಿ. ಕ್ರಾಸ್ ದಾಟಿ ಹೋದೆ.

ಶೆಡ್ಡಿನ ಅರೆಗತ್ತಲಲ್ಲಿ ಮೊದಲು ಕಂಡದ್ದು ಎರಡು ದುಂಡನೆ ದೀಪ. ಆಮೇಲೆ ಮುಂಭಾಗದ ಜಾಲರಿ. ಮಹೀಂದ್ರ ಎಂಎಂ 540, 1991ರದ್ದು. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೈನ್ಯಕ್ಕೆಂದು ರೂಪುಗೊಂಡ ವಿಲ್ಲೀಸ್ ಜೀಪನ್ನು ಮಹೀಂದ್ರದವರು 1940ರ ದಶಕದ ಕೊನೆಗೆ ಇಲ್ಲಿ ಜೋಡಿಸತೊಡಗಿದರು. ಆ ವಂಶದಲ್ಲಿ ಎಂಬತ್ತರ ದಶಕದಲ್ಲಿ ಹುಟ್ಟಿದ್ದು ಈ 540. ಫ್ರಾನ್ಸಿನ ಪ್ಯೂಜೊ ವಿನ್ಯಾಸದ 2.1 ಲೀಟರ್ ಡೀಸೆಲ್ ಎಂಜಿನ್, ನಾಲ್ಕೂ ಚಕ್ರಕ್ಕೆ ಎಳೆತ. ನಂಬರು ಕೆಎ 18, ಅಂದರೆ ಚಿಕ್ಕಮಗಳೂರು. ಕಾಫಿ ತೋಟದಲ್ಲಿ ಹತ್ತು ವರ್ಷ ಮಳೆ ನೆನೆದು, ಆಮೇಲೆ ಘಟ್ಟದ ತಪ್ಪಲು ಬಿಟ್ಟು ತೆಂಗಿನ ಸೀಮೆಗೆ ಬಂದದ್ದು.

ಹದಿನೇಳನೇ ವಯಸ್ಸಿನಿಂದ ನನ್ನ ತಲೆಯಲ್ಲಿ ಓಡಾಡುತ್ತಿದ್ದ ಗಾಡಿ ಇದು. ಬಾನೆಟ್ಟಿನ ಮೇಲಿನ ದೂಳು ಒರೆಸಿ, ಅದಕ್ಕೆ ಮನಸ್ಸಿನಲ್ಲೇ ಮಿಲಿಟರಿ ಹಸಿರು ಬಣ್ಣ ಹೊಡೆದು, ದಪ್ಪ ಟೈರು ಹಾಕಿಸಿ, ಹೇಮಾವತಿ ನಾಲೆಯ ಏರಿಯ ಮೇಲೆ ಓಡಿಸಿಯೂ ಆಯಿತು.

ಅಜ್ಜಿ ಇದ್ಯಾವುದನ್ನೂ ನೋಡುತ್ತಿರಲಿಲ್ಲ. ಅವರ ಕಣ್ಣು ಜೀಪಿನ ಕೆಳಗಿನ ನೆಲದ ಮೇಲಿತ್ತು.

"ನೋಡಪ್ಪ, ಇದು ನಿಂತಿರೋ ಜಾಗ್ದಾಗೆ ಸಾವಿರದೈನೂರು ಕಾಯಿ ಹಿಡಿತೈತೆ. ಒಂದೂಮುಕ್ಕಾಲು ಕ್ವಿಂಟಾಲ್ ಕೊಬ್ರಿ ಅಂತಿಟ್ಕ. ಈಗಿನ ರೇಟಿಗೆ ನಲವತ್ತು ಸಾವಿರದ ಮೇಲಾಯ್ತು. ವರ್ಷಾ ವರ್ಷಾ ನಾನು ಇದಕ್ಕೆ ಬಾಡಿಗೆ ಕಟ್ತಾ ಇದೀನಿ. ಮುಂದಿನ ಕೀಳಿಗೆ ಜಾಗ ಖಾಲಿ ಆಗ್ಬೇಕು."

ಒಂದು ಲಕ್ಷದ ಹತ್ತು ಸಾವಿರ ಎಂದರು. ಗುಜರಿಯವನು ಮೂವತ್ತೈದು ಹೇಳಿದ್ದನಂತೆ. ಅದನ್ನೂ ಅವರೇ ಹೇಳಿದರು, ಮುಚ್ಚಿಡಲಿಲ್ಲ.

ಮುಂದಿನ ಭಾನುವಾರ ತಿಪಟೂರಿನಿಂದ ಒಬ್ಬ ಹಳೇ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋದೆ. ಆತ ತಂದದ್ದು ಒಂದು ಬ್ಯಾಟರಿ, ಒಂದು ಸಣ್ಣ ಸುತ್ತಿಗೆ. ಎಂಜಿನ್ ಕಡೆ ತಿರುಗಿಯೂ ನೋಡದೆ ಜೀಪಿನಡಿ ತೂರಿಕೊಂಡು ಚಾಸಿಯ ಉದ್ದಕ್ಕೂ ಬಡಿಯುತ್ತಾ ಹೋದ. "ಠಣ್ ಅಂದ್ರೆ ಕಬ್ಬಿಣ, ಠಪ್ ಅಂದ್ರೆ ತುಕ್ಕು." ಇದು ನನಗೆ ಹೊಸ ವಿದ್ಯೆ ಅನ್ನಿಸಲಿಲ್ಲ. ನಾವೂ ಶಬ್ದ ನಂಬಿಯೇ ಬದುಕುವವರು. ಅಟ್ಟಕ್ಕೆ ಹಾಕಿದ ಕಾಯಿಯ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಒಡೆಯದೆ ಅದನ್ನು ತಿಳಿಯುವ ದಾರಿ ಒಂದೇ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು. ಚಾಸಿ ಎರಡು ಕಡೆ ಬಿಟ್ಟರೆ ಉಳಿದಲ್ಲೆಲ್ಲ ಠಣ್ ಎಂದಿತು.

ಡೀಸೆಲ್ ಲೈನಿನ ಗಾಳಿ ತೆಗೆದು, ಹೀಟರ್ ಪ್ಲಗ್ ಕಾಯಿಸಿ ಸೆಲ್ಫ್ ಹೊಡೆದ. ನಾಲ್ಕನೇ ಸಲಕ್ಕೆ ಬಿಳಿ ಹೊಗೆ ಉಗುಳಿ ಎಂಜಿನ್ ಎದ್ದು ಕೂತಿತು. ಅಟ್ಟದಿಂದ ಇಲಿಗಳು ಓಡಿದವು. ನನಗೆ ಕುಣಿಯುವಷ್ಟು ಖುಷಿ. ಆತ ಮಾತ್ರ ಆಯಿಲ್ ಹಾಕುವ ಮುಚ್ಚಳ ತೆಗೆದು ಅಂಗೈ ಅಡ್ಡ ಹಿಡಿದ. ಮಡಕೆಯ ಬಾಯಿಂದ ಹಬೆ ಬರುವಂತೆ ಬುಸಬುಸ ಗಾಳಿ ಬರುತ್ತಿತ್ತು. "ಬ್ಯಾಕ್ ಕಂಪ್ರೆಷನ್ ಐತೆ. ಎಂಜಿನ್ ಇಳಿಸ್ಬೇಕು." ದಿಮ್ಮಿ ಕೊಟ್ಟು ನಾಲ್ಕೂ ಚಕ್ರ ಎತ್ತಿಸಿ ಚಿಕ್ಕ ಗೇರ್ ಕಡ್ಡಿ ಎಳೆದ. ಮುಂದಿನ ಚಕ್ರಗಳು ಗೊಣಗುತ್ತಲೇ ತಿರುಗಿದವು. ಕೊಬ್ಬರಿ ಮಂಡಿಯ ಹಳೇ ಚೀಟಿಯ ಹಿಂದೆ ಲೆಕ್ಕ ಬರೆದುಕೊಟ್ಟ: ಬೋರು, ಪಿಸ್ಟನ್ 70, ಟಿಂಕರಿಂಗ್, ಫ್ಲೋರ್ ತಗಡು 60, ಬ್ರೇಕು, ಸ್ಟೀರಿಂಗು 25, ಟೈರು ಐದು 35, ವೈರಿಂಗ್ 15, ಪೇಂಟು 35. ಎಲ್ಲ ಸಾವಿರಗಳಲ್ಲಿ. ಒಟ್ಟು ಎರಡು ನಲವತ್ತು. "ಇದು ಬಿಚ್ಚೋಕೆ ಮುಂಚಿನ ಲೆಕ್ಕ. ಬಿಚ್ಚಿದ ಮೇಲೆ ಬೇರೆ."

ಇನ್ನು ಕಾಗದ. ಆರ್.ಸಿ. ಬುಕ್ಕು ಇಂದಿಗೂ ಆ ಕಾಫಿ ತೋಟದವರ ಹೆಸರಲ್ಲೇ ಇತ್ತು. ಜೊತೆಗೆ 29, 30ನೇ ನಂಬರಿನ ಫಾರಂಗಳು, ಸಹಿ ಮಾತ್ರ ಇದ್ದು ತಾರೀಖಿಲ್ಲದವು. ನೋಂದಣಿ 2016ಕ್ಕೇ ಮುಗಿದಿತ್ತು. ಹದಿನೈದು ವರ್ಷ ದಾಟಿದ ಜೀಪು, ಕಾರುಗಳ ನೋಂದಣಿ ನವೀಕರಿಸಲು ಮೊದಲು 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ ಅದು 5,000 ಆಯಿತು. ಇಪ್ಪತ್ತು ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಲ್ಲಿ 10,000 ಮಾಡಿದರು. ದುಡ್ಡು ಕಟ್ಟಬಹುದು. ಆದರೆ ಮೊದಲ ಮಾಲೀಕರು ಇದ್ದಾರೋ ಇಲ್ಲವೋ, ಇಲ್ಲದಿದ್ದರೆ ವಾರಸುದಾರರು ಎಲ್ಲಿದ್ದಾರೆ, ಚಿಕ್ಕಮಗಳೂರಿನಿಂದ ಎನ್.ಓ.ಸಿ. ತರುವವರು ಯಾರು?

ಆ ರಾತ್ರಿ ನಿಯಮಗಳನ್ನು ಓದುತ್ತಾ ಕೂತೆ. ಐವತ್ತು ವರ್ಷ ದಾಟಿದ ವಾಹನಗಳನ್ನು 'ವಿಂಟೇಜ್' ಎಂದು ನೋಂದಾಯಿಸುವ ನಿಯಮ 2021ರಲ್ಲಿ ಬಂದಿದೆ. ಗಾಡಿ ಮೂಲ ರೂಪದಲ್ಲೇ ಇರಬೇಕು, ದಿನನಿತ್ಯದ ಓಡಾಟಕ್ಕೆ ಬಳಸುವ ಹಾಗಿಲ್ಲ. ನಮ್ಮ ಜೀಪಿಗೆ ಐವತ್ತು ತುಂಬುವುದು 2041ಕ್ಕೆ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೂಲ ರೂಪ ಎಂಬ ಮಾತು.

ಯಾವುದು ಮೂಲ ರೂಪ? ಈ ಜೀಪಿಗೆ ಹಿಂದಿನ ಸೀಟುಗಳಿಲ್ಲ. ಆ ಜಾಗದಲ್ಲಿ ಕೊಬ್ಬರಿ ಚೀಲ ಜಾರದಂತೆ ಎರಡು ಕಬ್ಬಿಣದ ಪಟ್ಟಿ ವೆಲ್ಡ್ ಮಾಡಿಸಿದ್ದಾರೆ. ಹಿಂದೆ ಟ್ರೇಲರಿಗೆ ಕೊಂಡಿ. ಮುಂದಿನ ಬಂಪರಿನ ಬದಲು ಬೋರ್‌ವೆಲ್ಲಿನ ಪೈಪು. ಡ್ರೈವರ್ ಸೀಟಿನ ಸ್ಪಂಜು ಹೋದಾಗ ಅಜ್ಜನೇ ತೆಂಗಿನ ನಾರು ತುಂಬಿ ಹೊಲಿದಿದ್ದಾರೆ. ಕಂಪನಿ ಕೊಟ್ಟ ರೂಪದಲ್ಲಿ ಈ ಗಾಡಿ ಬಹುಶಃ ಒಂದೆರಡು ವರ್ಷ ಇದ್ದಿರಬೇಕು. ಉಳಿದ ವರ್ಷಗಳೆಲ್ಲ ಇದು ಕೆಲಸಕ್ಕೆ ತಕ್ಕ ಹಾಗೆ ಮೈ ಬದಲಿಸಿಕೊಂಡದ್ದು. ನಾನು ಮಾಡಹೊರಟ ಜೀರ್ಣೋದ್ಧಾರದ ಮೊದಲ ಕೆಲಸವೇ ಆ ಪಟ್ಟಿ, ಕೊಂಡಿ, ಪೈಪುಗಳನ್ನು ಕತ್ತರಿಸಿ ಎಸೆಯುವುದು. ಕತ್ತರಿಸದೆ ಹಾಗೇ ಓಡಿಸೋಣವೆಂದರೆ ಹೊರಲು ನನ್ನ ಬಳಿ ಕೊಬ್ಬರಿ ಚೀಲವಾದರೂ ಎಲ್ಲಿದೆ? ನಮ್ಮ ವರ್ಷದ ಫಸಲು ಹದಿನಾಲ್ಕು ಕ್ವಿಂಟಾಲ್. ಬಾಡಿಗೆ ಟೆಂಪೊದ ಒಂದೇ ಲೋಡು.

ಆ ಹದಿನಾಲ್ಕು ಕ್ವಿಂಟಾಲ್ ತಂದ ದುಡ್ಡು ಮೂರೂವರೆ ಲಕ್ಷ. ಜೀಪಿನ ಬೆಲೆ, ಮೆಕ್ಯಾನಿಕ್ಕಿನ ಲೆಕ್ಕ ಕೂಡಿದರೂ ಮೂರೂವರೆ ಲಕ್ಷ. ಈ ಕಾಕತಾಳೀಯವೇ ನನ್ನನ್ನು ಹಾಳು ಮಾಡಿದ್ದು. ದೇವರೇ ಕೈಯಾರೆ ಎಣಿಸಿಕೊಟ್ಟ ಹಾಗಿತ್ತು. ಆದರೆ ದುಡ್ಡು ನನ್ನೊಬ್ಬನದಲ್ಲ. ತೋಟ ನನ್ನದೂ ನನ್ನ ತಮ್ಮನದೂ. ಮಣ್ಣಲ್ಲಿ ಕೈಯಿಟ್ಟಿರುವವನು ಅವನು. ಮಾರುವ ವ್ಯವಹಾರ ನನ್ನದು, ಅಣ್ಣ ಎಂಬ ಒಂದೇ ಅರ್ಹತೆಯ ಮೇಲೆ.

2023ರಲ್ಲಿ ಬೆಂಬಲ ಬೆಲೆ 11,750 ಇದ್ದಾಗ ತಿಪಟೂರಿನ ಹರಾಜಿನಲ್ಲಿ ಎಂಟು ಸಾವಿರದ ಆಸುಪಾಸಿನಲ್ಲಿ ಕೊಬ್ಬರಿ ಕೂಗುತ್ತಿದ್ದರು. ನಾಫೆಡ್‌ನವರು ಕೊಳ್ಳುವಾಗ ಕೊಡೋಣ, ಕಾಯೋಣ ಎಂದಿದ್ದ ತಮ್ಮ. ಇನ್ನೂ ಬೀಳುತ್ತೆ ಎಂದು ಹೆದರಿ ಇಪ್ಪತ್ತು ಕ್ವಿಂಟಾಲನ್ನೂ ಮಂಡಿಗೆ ಹಾಕಿಸಿದವನು ನಾನು. ಕಳೆದುಕೊಂಡದ್ದು ಎಪ್ಪತ್ತೈದು ಸಾವಿರ. ಅವನು ಒಂದು ಮಾತೂ ಆಡಲಿಲ್ಲ. 2025ರಲ್ಲಿ ಬೆಂಬಲ ಬೆಲೆ 12,100 ಇದ್ದರೂ ಮಾರುಕಟ್ಟೆ ಅದರ ಎರಡು ಪಟ್ಟು ದಾಟಿತು. ಈ ಸಲ ನಾನು ಅವನು ಹೇಳುವವರೆಗೆ ಕಾದಿದ್ದೆ. ಬಂದ ದುಡ್ಡಿಗೆ ಅವನ ಲೆಕ್ಕವೂ ಒಂದಿತ್ತು. ಒಣಗಿ ಸತ್ತ ಮರಗಳ ಜಾಗಕ್ಕೆ ಸಸಿ, ಹನಿ ನೀರಾವರಿ ಪೈಪು.

ಮೂರನೇ ಭಾನುವಾರ ಅವನನ್ನೇ ಕರೆದುಕೊಂಡು ಹೋದೆ. ಜೀಪಿನ ಸುತ್ತ ಒಂದು ಸುತ್ತು ಬಂದ. ನಾರು ತುಂಬಿದ ಸೀಟನ್ನು ಒತ್ತಿ ನೋಡಿದ. ಅಜ್ಜಿ ಕೊಟ್ಟ ಟೀ ಕುಡಿದ. ವಾಪಸು ಬರುವಾಗ ಕೆ.ಬಿ. ಕ್ರಾಸಿನಲ್ಲಿ ಬೈಕು ನಿಲ್ಲಿಸಿದಾಗ ಹೇಳಿದ: "ಚೆನ್ನಾಗೈತೆ ಕಣಣ್ಣ. ತಗಳದಾದ್ರೆ ತಗ. ನಿನ್ನ ಪಾಲಲ್ಲಿ ತಗ."

ಸಿಟ್ಟಿನಿಂದ ಹೇಳಲಿಲ್ಲ. ನ್ಯಾಯವಾಗಿಯೇ ಇತ್ತು. ಆದರೆ ಪಾಲು ಎಂಬ ಮಾತು ನಮ್ಮಿಬ್ಬರ ನಡುವೆ ಅಲ್ಲಿಯವರೆಗೆ ಬಂದಿರಲಿಲ್ಲ. ಅಪ್ಪ ಸತ್ತಾಗಲೂ ಬಂದಿರಲಿಲ್ಲ. ಮೆಕ್ಯಾನಿಕ್ಕಿನ ಚೀಟಿಯಲ್ಲಿ ಆ ಬಾಬ್ತು ಇರಲಿಲ್ಲ.

ಅಜ್ಜಿಗೆ ಫೋನ್ ಮಾಡಿ ಬೇಡ ಎಂದೆ. ಗುಜರಿಗೆ ಹಾಕಬೇಡಿ, ಲಕ್ಷಕ್ಕೆ ಕಮ್ಮಿ ಕೊಡಬೇಡಿ, ಕಾಗದದ ವಿಷಯ ಮೊದಲೇ ಹೇಳಿಬಿಡಿ ಎಂದೂ ಹೇಳಿದೆ. "ಅಷ್ಟು ಗೊತ್ತಿಲ್ವೇನಪ್ಪ ನನಗೆ" ಎಂದರು.

ತಿಂಗಳ ಮೇಲೆ ಆ ಕಡೆ ಹೋದಾಗ ಶೆಡ್ಡಿಗೆ ಇಣುಕಿದೆ. ಎಣ್ಣೆ ಕಲೆಯ ಮೇಲೆ ಮರಳು ಹರವಿ ಕಾಯಿ ಒಟ್ಟಿದ್ದರು. ಬೆಂಗಳೂರಿನ ಹುಡುಗರು ಲಾರಿ ತಂದು ಏರಿಸಿಕೊಂಡು ಹೋದರಂತೆ. ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳಾಗುತ್ತದೆ. ಮೆಕ್ಯಾನಿಕ್ಕಿನ ಚೀಟಿ ಇನ್ನೂ ನನ್ನ ಪರ್ಸಿನಲ್ಲಿದೆ.

ಸಂಜೆ ತೋಟಕ್ಕೆ ಹೋದೆ. ತಮ್ಮ ಗುಂಡಿಯೊಂದರ ಪಕ್ಕ ಸಸಿ ಇಟ್ಟುಕೊಂಡು ಕೂತಿದ್ದ. ನಮ್ಮ ಸೀಮೆಯ ತಿಪಟೂರು ಟಾಲ್, ಫಲಕ್ಕೆ ಬರಲು ಆರೇಳು ವರ್ಷ ಬೇಕು.

"ಜೀಪು ಹೋಯ್ತಂತೆ?"

"ಹ್ಞೂಂ."

"ಎಷ್ಟಕ್ಕೆ?"

"ಒಂದು ಹದಿನೈದು."

"ಕಾಗದ?"

"ಅವರೇ ನೋಡ್ಕಂತಾರಂತೆ."

"ಪಾಪ" ಅಂದ. ಹುಡುಗರಿಗೆ ಅಂದನೋ, ನನಗೆ ಅಂದನೋ ತಿಳಿಯಲಿಲ್ಲ. ಆಮೇಲೆ ಸಸಿ ನನ್ನ ಕಡೆ ಚಾಚಿ, "ನೆಟ್ಟಗೆ ಹಿಡ್ಕ, ಮಣ್ಣು ಎಳಿತೀನಿ" ಎಂದ. ಹಿಡಿದುಕೊಂಡೆ.