ಕಿಕ್ ಹೊಡೆಯುವ ಮುನ್ನ

ನಿಮ್ಮ ಮನೆಯ ಹಿಂದಿನ ಕೊಟ್ಟಿಗೆಯಲ್ಲೂ ಒಂದು ಹಳೆಯ ಬೈಕ್ ಇದೆಯೇ? ಅಡಿಕೆ ಸಿಪ್ಪೆಯ ಗೋಣಿ, ಮುರಿದ ಕುರ್ಚಿ, ತೆಂಗಿನ ಗರಿಗಳ ನಡುವೆ ಧೂಳು ತಿನ್ನುತ್ತಾ ನಿಂತಿದೆಯೇ? ಹಾಗಿದ್ದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಡುವೆ ನಾನು ಮಾಡಿದ ಈ ಓಡಾಟದ ಕಥೆ ನಿಮಗೆ ಉಪಯೋಗಕ್ಕೆ ಬಂದೀತು.

ನನ್ನ ವಾಸ ಬಿ.ಸಿ.ರೋಡಿನಲ್ಲಿ. ಉಮ್ಮ ಇರುವುದು ಗುರುವಾಯನಕೆರೆಯ ಸಮೀಪದ ಹಳೆಯ ಮನೆಯಲ್ಲಿ. ಪುಂಜಾಲಕಟ್ಟೆ, ಮಡಂತ್ಯಾರು ದಾಟಿ ಆ ಮನೆಯ ಕಡೆ ಹೋಗುವ ರಸ್ತೆ ಮುಂದೆ ಚಾರ್ಮಾಡಿ ಘಾಟಿ ಹತ್ತುತ್ತದೆ. ಮಳೆ ಬಿಟ್ಟ ದಿನ ನಮ್ಮ ತೋಟದ ಅಂಚಿನಿಂದ ಗಡಾಯಿಕಲ್ಲು ಕಾಣುತ್ತದೆ. 1794ರಲ್ಲಿ ಟಿಪ್ಪು ಸುಲ್ತಾನ್ ಆ ಬಂಡೆಯ ಮೇಲೆ ಕೋಟೆ ಕಟ್ಟಿಸಿ, ಜಮಾಲಾಬಾದ್ ಎಂದು ಕರೆದ.

ಈ ಮನೆಯ ಕೊಟ್ಟಿಗೆಯಲ್ಲಿ ಉಪ್ಪನ ಜಾವಾ ಇತ್ತು. ಉಪ್ಪ ಬೀಡಿ ಬ್ರಾಂಚ್ ನಡೆಸುತ್ತಿದ್ದರು. ಎಲೆಯ ಕಟ್ಟು, ಹೊಗೆಸೊಪ್ಪಿನ ಚೀಲ ಎಲ್ಲವೂ ಈ ಬೈಕಿನ ಹಿಂದೆಯೇ ಬರುತ್ತಿದ್ದವು. ಅರ್ಧ ಮೈಲಿ ದೂರದಿಂದ ಅದರ ಶಬ್ದ ಕೇಳಿದರೆ ಸಾಕು, ಉಮ್ಮ ಚಹಾಕ್ಕೆ ನೀರಿಡುತ್ತಿದ್ದರು. 2004ರಲ್ಲಿ ಉಪ್ಪ ತೀರಿಕೊಂಡ ಮೇಲೆ ಅದನ್ನು ಯಾರೂ ಮುಟ್ಟಲಿಲ್ಲ.

ಕಳೆದ ವರ್ಷ ಅಣ್ಣ ಗುಜರಿಯವನನ್ನು ಕರೆದು ತಂದ. ಅಣ್ಣನ ಮಾತಿನಲ್ಲಿ ತಪ್ಪಿರಲಿಲ್ಲ. ಕೊಟ್ಟಿಗೆ ಬೀಳುವಂತಿತ್ತು, ಬೈಕು ಓಡುತ್ತಿರಲಿಲ್ಲ. ಉಮ್ಮ ಜಗಳ ಮಾಡಲಿಲ್ಲ. "ಕೊಡುವುದಾದರೆ ಕೊಡಿ. ಅದಕ್ಕೆ ಮೊದಲು ಒಮ್ಮೆ ಅದರ ಶಬ್ದ ಕೇಳಿಸಿ" ಎಂದರು, ಅಷ್ಟೆ. ಉಮ್ಮನಿಗೆ ಈಗ ಎಂಬತ್ತು ದಾಟಿದೆ. ಗುಜರಿಯವನು ಬರಿಗೈಯಲ್ಲಿ ಹೋದ.

ಅಂದೇ ನಾನೊಂದು ತಪ್ಪು ಮಾಡಿದೆ. ಜಾವಾದಲ್ಲಿ ಗೇರಿಗೂ ಕಿಕ್ಕಿಗೂ ಒಂದೇ ಲಿವರ್. ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುತ್ತದೆ. ಹಾಗೆ ತಿರುಗಿಸಿ ಇಡೀ ಮೈಭಾರ ಹಾಕಿ ತುಳಿದೆ. ಬಂಡೆಯನ್ನು ತುಳಿದಂತಾಯಿತು. ಮತ್ತೆ ತುಳಿದಾಗ ಒಳಗೆ 'ಟಕ್' ಎಂದಿತು.

ಪಿಕ್‌ಅಪ್‌ನಲ್ಲಿ ಹಾಕಿ ಮೂಡುಬಿದಿರೆಗೆ ಹೊರಟೆವು. ದಾರಿಯಲ್ಲಿ ವೇಣೂರು. 1604ರಲ್ಲಿ ಅಜಿಲ ಅರಸರು ನಿಲ್ಲಿಸಿದ ಬಾಹುಬಲಿ ಫಲ್ಗುಣಿ ನದಿಯ ದಡದಲ್ಲಿದ್ದಾನೆ. ನಾಲ್ಕು ನೂರು ಮಳೆಗಾಲ ಕಂಡ ಕಲ್ಲು ಹಾಗೆಯೇ ನಿಂತಿದೆ, ನಮ್ಮ ಕಬ್ಬಿಣಕ್ಕೆ ಇಪ್ಪತ್ತು ಮಳೆಗಾಲ ತಡೆಯಲಾಗಲಿಲ್ಲ.

ಮೂಡುಬಿದಿರೆಯ ಮೆಕ್ಯಾನಿಕ್ ಹಿರಿಯರು. ಬೈಕನ್ನು ಇಳಿಸುವಾಗಲೇ ಕೇಳಿದರು: "ಕಿಕ್ ಹೊಡೆದಿರಾ?" ನಾನು ತಲೆ ತಗ್ಗಿಸಿದೆ. "ಎಲ್ಲರೂ ಅದನ್ನೇ ಮಾಡುವುದು ಮಾರಾಯ್ರೆ. ತುಕ್ಕು ಬಿಡುವುದಿಲ್ಲ, ಕಿಕ್ಕಿನ ಹಲ್ಲು ಹೋಗುತ್ತದೆ."

ಇಂಜಿನ್ ಜಾಮ್ ಆದದ್ದು ಹೇಗೆಂದು ಅವರೇ ವಿವರಿಸಿದರು. ಜಾವಾದ್ದು ಟೂ-ಸ್ಟ್ರೋಕ್ ಇಂಜಿನ್. ಸಿಲಿಂಡರಿನ ಗೋಡೆಯಲ್ಲೇ ಕಿಂಡಿಗಳಿವೆ. ಓಡದೆ ನಿಂತಾಗ ಸೈಲೆನ್ಸರ್ ಮೂಲಕ ತೇವದ ಗಾಳಿ ಒಳಗೆ ಹೋಗುತ್ತದೆ. ಸಿಲಿಂಡರ್ ಎರಕದ ಕಬ್ಬಿಣದ್ದು, ಪಿಸ್ಟನ್ನಿನ ರಿಂಗೂ ಕಬ್ಬಿಣ. ನಮ್ಮ ಜಿಲ್ಲೆಯ ಮಳೆಗಾಲದಲ್ಲಿ ಎರಡೂ ತುಕ್ಕು ಹಿಡಿದು ಒಂದನ್ನೊಂದು ಕಚ್ಚಿಕೊಳ್ಳುತ್ತವೆ.

ಪ್ಲಗ್ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದರು. ಪಿಸ್ಟನ್ ಮೇಲಕ್ಕೆ ನಿಂತಿದ್ದುದು ನಮ್ಮ ಅದೃಷ್ಟ. ಕೆಳಗೆ ನಿಂತಿದ್ದರೆ ಸುರಿದ ಎಣ್ಣೆ ಕಿಂಡಿಗಳಿಂದ ಇಳಿದು ಹೋಗುತ್ತಿತ್ತು. ಡೀಸೆಲ್ಲಿಗೆ ತೆಳುವಾದ ಆಯಿಲ್ ಬೆರೆಸಿ ಪ್ಲಗ್ಗಿನ ತೂತಿನಲ್ಲಿ ತುಂಬಿಸಿದರು. ಬಳಿಕ ನನಗೆ ಹೇಳಿದ್ದು ಒಂದೇ ಮಾತು: "ಹತ್ತು ದಿನ ಬಿಟ್ಟು ಬನ್ನಿ."

ಹತ್ತು ದಿನ! ನಮಗೆ ಹತ್ತು ನಿಮಿಷ ಕಾಯುವ ಅಭ್ಯಾಸವೂ ತಪ್ಪಿದೆ. ಆ ದಿನ ಸಾವಿರ ಕಂಬದ ಬಸದಿಗೆ ಹೋಗಿ ಕುಳಿತೆ. 1430ರ ಕಟ್ಟಡ. ಕಂಬಗಳ ಕೆತ್ತನೆ ನೋಡುತ್ತಿದ್ದರೆ, ಇದನ್ನು ಕಡೆದವರಿಗೆ ಅವಸರವಿರಲಿಲ್ಲ ಎಂದು ತಿಳಿಯುತ್ತದೆ. ಸಿದ್ದಕಟ್ಟೆ ದಾರಿಯಾಗಿ ಬಂಟ್ವಾಳಕ್ಕೆ ಬಸ್ಸಿನಲ್ಲಿ ಮರಳಿದೆ.

ಎರಡನೇ ಸಲ ಹೋದಾಗ ಬೈಕನ್ನು ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಮೆಲ್ಲನೆ ಹಿಂದಕ್ಕೆ, ಮುಂದಕ್ಕೆ ಅಲುಗಾಡಿಸಿದರು. ಟಾಪ್ ಗೇರಿನಲ್ಲಿ ಚಕ್ರದ ಬಲ ಇಂಜಿನ್ನಿಗೆ ಹೆಚ್ಚು ತಲುಪುತ್ತದಂತೆ. ಮೊದಲು ಏನೂ ಆಗಲಿಲ್ಲ. ಮತ್ತೆ ಎಣ್ಣೆ, ಮತ್ತೆ ಒಂದು ವಾರ. ಮೂರನೇ ಸಲ ಚಕ್ರ ಒಂದು ಕೂದಲೆಳೆಯಷ್ಟು ಸರಿಯಿತು. ಆಗ ಹೆಡ್ ಬಿಚ್ಚಿ, ಪಿಸ್ಟನ್ ಮೇಲೆ ಮರದ ತುಂಡಿಟ್ಟು ಹಗುರವಾಗಿ ತಟ್ಟಿದರು. ಕಬ್ಬಿಣದ ಸುತ್ತಿಗೆ ನೇರವಾಗಿ ಬಿದ್ದರೆ ಅಲ್ಯೂಮಿನಿಯಂ ಪಿಸ್ಟನ್ ಒಡೆದೇ ಹೋಗುತ್ತದೆ. ತಟ್ಟಿ, ಎಣ್ಣೆ ಬಿಟ್ಟು, ಚಕ್ರ ತಿರುಗಿಸಿ, ಮತ್ತೆ ತಟ್ಟಿ ಪಿಸ್ಟನ್ನನ್ನು ಬಿಡಿಸಿದರು.

ಬಿಡಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಹಾಗೆಯೇ ಸ್ಟಾರ್ಟ್ ಮಾಡಿದರೆ ಒಳಗಿನ ತುಕ್ಕೇ ಇಂಜಿನನ್ನು ತಿಂದುಬಿಡುತ್ತದೆ. ಸಿಲಿಂಡರನ್ನು ರೀಬೋರ್ ಮಾಡಿಸಿ, ಅಳತೆಗೆ ತಕ್ಕ ಹೊಸ ಪಿಸ್ಟನ್, ರಿಂಗ್ ಹಾಕಿಸಿದೆವು. ಗಟ್ಟಿಯಾಗಿದ್ದ ಆಯಿಲ್ ಸೀಲ್, ನಾನು ಹಾಳುಮಾಡಿದ ಕಿಕ್ಕಿನ ಹಲ್ಲು ಎರಡೂ ಬದಲಾದವು. ಟ್ಯಾಂಕಿಗೆ ಸಣ್ಣ ಕಲ್ಲು ಹಾಕಿ ಅಲುಗಾಡಿಸಿದಾಗ ಕೆಂಪು ಪುಡಿ ಸೇರುಗಟ್ಟಲೆ ಉದುರಿತು.

ಬಿಡಿಭಾಗ ಸಿಕ್ಕೀತೇ ಎಂಬ ಭಯವಿತ್ತು. ಜಾವಾ ಮೂಲತಃ ಚೆಕ್ ದೇಶದ್ದು. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ ಇದನ್ನು ತಯಾರಿಸಿತು. 1973ರಿಂದ 'ಯೆಜ್ಡಿ' ಎಂಬ ಹೆಸರಿಟ್ಟಿತು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರಿನ ಬೈಕು ಮತ್ತೆ ಬಂತಾದರೂ ಅದು ಫೋರ್-ಸ್ಟ್ರೋಕ್, ಅದರ ಭಾಗ ಇದಕ್ಕೆ ಬಾರದು. ಆದರೂ ಹಳೆಯ ಬೈಕಿನ ಅಭಿಮಾನಿಗಳಿಂದಾಗಿ ಬೇಕಾದದ್ದು ಸಿಕ್ಕಿತು.

ಖರ್ಚು ಗುಜರಿಯವನು ಹೇಳಿದ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚಾಯಿತು. ಅರ್ಧ ಹಣ ಅಣ್ಣನೇ ಕೊಟ್ಟ.

ಲೀಟರಿಗೆ 40 ಮಿಲಿಲೀಟರ್ ಆಯಿಲ್ ಬೆರೆಸಿದ ಪೆಟ್ರೋಲ್ ತುಂಬಿಸಿ, ಒಂದು ಸಂಜೆ ಅಣ್ಣ ಬೈಕ್ ಓಡಿಸಿದ, ನಾನು ಹಿಂದೆ ಕುಳಿತೆ. ಹೊಸ ಪಿಸ್ಟನ್ ಆದ್ದರಿಂದ ವೇಗ ಹೆಚ್ಚಿಸಬಾರದೆಂಬ ಅಪ್ಪಣೆ ಇತ್ತು. ವೇಣೂರಿನಲ್ಲಿ ಇಂಜಿನ್ ತಣಿಯಲು ನಿಲ್ಲಿಸಿದೆವು. ಚಿಕ್ಕಂದಿನಲ್ಲಿ ಇದೇ ಟ್ಯಾಂಕಿನ ಮೇಲೆ ಕುಳಿತು ಹೋಗುತ್ತಿದ್ದುದನ್ನು ಅಣ್ಣ ನೆನಪಿಸಿದ. ಅವನು ಅಷ್ಟು ಮಾತನಾಡಿ ಎಷ್ಟೋ ವರ್ಷಗಳಾಗಿದ್ದವು.

ಮನೆಯ ತಿರುವಿಗೆ ಬಂದಾಗ ಉಮ್ಮ ಜಗಲಿಯಲ್ಲಿರಲಿಲ್ಲ. ಕೇಳಿಸಲಿಲ್ಲವೇನೋ ಎಂದು ಎದೆ ಧಸಕ್ಕೆಂದಿತು. ಒಳಗೆ ಹೋಗಿ ನೋಡಿದರೆ ಅಡುಗೆಮನೆಯಲ್ಲಿದ್ದರು. ಒಲೆಯ ಮೇಲೆ ಚಹಾದ ನೀರು ಕುದಿಯುತ್ತಿತ್ತು. "ಶಬ್ದ ಅದೇ. ಹೊಗೆ ಮಾತ್ರ ಸ್ವಲ್ಪ ಜಾಸ್ತಿ" ಎಂದರು. ಗುಜರಿಯ ಮಾತನ್ನು ಅಣ್ಣ ಮತ್ತೆ ಎತ್ತಿಲ್ಲ.

ನಿಮ್ಮ ಕೊಟ್ಟಿಗೆಯಲ್ಲೂ ಅಂಥದ್ದಿದ್ದರೆ ನೆನಪಿಡಿ: ಕಿಕ್ ಹೊಡೆಯಬೇಡಿ. ಪ್ಲಗ್ ಬಿಚ್ಚಿ ಎಣ್ಣೆ ಬಿಡಿ, ಕಾಯಿರಿ. ಸರಿಯಾದ ಮೇಲೂ ಮಳೆಗಾಲಕ್ಕೆ ಮುನ್ನ ಟ್ಯಾಂಕ್ ಖಾಲಿ ಮಾಡಿ, ಏಕೆಂದರೆ ಈಗಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಿ. ಮತ್ತು ಆ ಬೈಕಿನ ಶಬ್ದಕ್ಕೆ ಕಿವಿಗೊಟ್ಟಿದ್ದವರು ಮನೆಯಲ್ಲಿ ಇನ್ನೂ ಇದ್ದಾರಾದರೆ, ಕೆಲಸವನ್ನು ಮುಂದಿನ ವರ್ಷಕ್ಕೆ ಇಡಬೇಡಿ.