ಪಟ್ಟವಿಳಿದ ಮೇಲೆ

ವಾಷಿಂಗ್ಟನ್, ಜೆಫರ್ಸನ್ ಮೊದಲಾದವರು ಅಮೆರಿಕದ ಅಧ್ಯಕ್ಷಪಟ್ಟ ಇಳಿದೊಡನೆ ತಂತಮ್ಮ ತೋಟದ ಮನೆಗಳಿಗೆ ಮರಳಿದರು. ಆ ತೋಟಗಳಲ್ಲಿ ದುಡಿಯುತ್ತಿದ್ದವರು ಗುಲಾಮರೆಂಬುದು ಬೇರೆ ಮಾತು. ಜಾನ್ ಕ್ವಿನ್ಸಿ ಆಡಮ್ಸನಿಗೆ ಮಾತ್ರ ವಿಶ್ರಾಂತಿ ಒಗ್ಗಲಿಲ್ಲ. 1828ರಲ್ಲಿ ಆಂಡ್ರ್ಯೂ ಜಾಕ್ಸನ್ನನಿಗೆ ಸೋತು ಊರು ಸೇರಿದವನು, 1831ರಲ್ಲಿ ಮ್ಯಾಸಚೂಸೆಟ್ಸಿನ ಪ್ರತಿನಿಧಿಯಾಗಿ ಕೆಳಮನೆಯಲ್ಲಿ ಬಂದು ಕುಳಿತ. ದೊರೆಯಾಗಿದ್ದವನು ಶಾನುಭೋಗಿಕೆಗೆ ಒಪ್ಪಿದಂತೆ!

ಗುಲಾಮಗಿರಿಯ ವಿರುದ್ಧ ಬರುವ ಅರ್ಜಿಗಳನ್ನು ಚರ್ಚಿಸದೆಯೇ ಬದಿಗಿಡಬೇಕೆಂದು 1836ರಲ್ಲಿ ಸಭೆ ನಿಯಮ ಮಾಡಿತು. ಮುದುಕ ಅಂಥ ಅರ್ಜಿಗಳನ್ನೇ ಹಿಡಿದು ಮತ್ತೆ ಮತ್ತೆ ಎದ್ದು ನಿಂತ. ಸಭೆಯಲ್ಲಿ ಕೋಲಾಹಲವೆದ್ದಿತು, 1842ರಲ್ಲಿ ಅವನ ಮೇಲೆಯೇ ಖಂಡನೆಯ ಗೊತ್ತುವಳಿ ಬಂದಿತು. ಅವನು ಜಗ್ಗಲಿಲ್ಲ. ಕೊನೆಗೆ 1844ರಲ್ಲಿ, ಅವನದೇ ಸೂಚನೆಯ ಮೇಲೆ, ಆ ನಿಯಮ ರದ್ದಾಯಿತು. ಅಧ್ಯಕ್ಷಪೀಠದ ನಾಲ್ಕು ವರ್ಷ ತಾರದ ಕೀರ್ತಿಯನ್ನು ಈ ಎಂಟು ವರ್ಷದ ಜಗಳ ತಂದಿತು.

1848ರ ಫೆಬ್ರವರಿ 21ರಂದು, ತನ್ನ 80ನೆಯ ವಯಸ್ಸಿನಲ್ಲಿ, ಸಭೆ ನಡೆಯುತ್ತಿದ್ದಂತೆಯೇ ಅವನು ತನ್ನ ಆಸನದಲ್ಲಿ ಕುಸಿದ. ಸಭಾಪತಿಯ ಕೋಣೆಗೆ ಒಯ್ದು ಮಲಗಿಸಿದರು. ಎರಡು ದಿನಗಳ ಬಳಿಕ ಅಲ್ಲಿಯೇ ಪ್ರಾಣ ಹೋಯಿತು. ಅಂದಿನ ಸಭೆಯ ಸದಸ್ಯರಲ್ಲಿ ಇಲಿನಾಯ್ಸಿನಿಂದ ಆರಿಸಿ ಬಂದಿದ್ದ ಏಬ್ರಹಾಂ ಲಿಂಕನ್ ಎಂಬ ಹೊಸಬನೂ ಒಬ್ಬ.