ಋತುವಿನ ಅಳತೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ – ವಿಜಯನಗರ ಜಿಲ್ಲೆಯ ಈ ಐದು ತಾಲ್ಲೂಕುಗಳ ಜನರಿಗೆ ಋತುವೆಂಬುದು ಪಂಚಾಂಗದ ಮಾತಷ್ಟೇ ಅಲ್ಲ. ಮುಂಗಾರು ತಡವಾದರೆ ಬಿತ್ತನೆ ತಡವಾಗುತ್ತದೆ. ಕೆರೆ ಬತ್ತಿದರೆ ಅಚ್ಚುಕಟ್ಟಿನ ಬೆಳೆ ಮುಗಿಯುತ್ತದೆ. ಹಡಗಲಿಯ ಮಲ್ಲಿಗೆಗೂ ಅದರದೇ ಆದ ಕಾಲವುಂಟು. ಇಂತಹ ಬಯಲುಸೀಮೆಯವರ ಮುಂದೆ ಹಿಮದ ಮೇಲೆ ಜಾರುವ ಆಟದ ಪ್ರಸ್ತಾಪವನ್ನು ತರುವುದು ವಿಚಿತ್ರವೆನಿಸಬಹುದು. ಆದರೆ ಏಪ್ರಿಲ್-ಮೇ ತಿಂಗಳ ಶಾಲಾ ರಜೆಯಲ್ಲಿ ಇಲ್ಲಿನ ಕುಟುಂಬಗಳೂ ಉತ್ತರದ ಯಾತ್ರೆಗೆ ಹೊರಡುತ್ತವೆ. ಬಿಸಿಲಿನಿಂದ ಬೆಂದ ಮಕ್ಕಳು ಮೊದಲು ಕೇಳುವ ಪ್ರಶ್ನೆ ಒಂದೇ: “ಅಲ್ಲಿ ಹಿಮ ಇರುತ್ತದೆಯೇ?” ಈ ಸರಳ ಪ್ರಶ್ನೆಯ ಹಿಂದೆ ಒಂದು ದೊಡ್ಡ ಉದ್ಯಮವೂ, ಶ್ರಾವಕರು ವಿಚಾರಿಸಬೇಕಾದ ಒಂದು ಧರ್ಮಸೂಕ್ಷ್ಮವೂ ಅಡಗಿವೆ.

ಕಾಲಿಗೆ ಉದ್ದನೆಯ ಹಲಗೆಗಳನ್ನು ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟವೇ ಸ್ಕೀಯಿಂಗ್. ಇದು ಚಳಿಗಾಲದ ಆಟ. ವಸಂತದ ಕೊನೆಯಲ್ಲಿ ಹಿಮದ ಸ್ವರೂಪ ಬದಲಾಗುತ್ತದೆ. ಹಗಲಿನ ಬಿಸಿಲಿಗೆ ಮೇಲ್ಪದರ ಕರಗಿ, ರಾತ್ರಿಯ ಚಳಿಗೆ ಮತ್ತೆ ಹೆಪ್ಪುಗಟ್ಟಿ, ದಿನದಿಂದ ದಿನಕ್ಕೆ ಅದು ಜೋಳದ ಕಾಳಿನಂತೆ ಹರಳುಗಟ್ಟುತ್ತದೆ. ಮುಂಜಾನೆ ಕಲ್ಲಿನಂತೆ ಗಟ್ಟಿ. ಬಿಸಿಲೇರಿದಂತೆ ಕೆಲಕಾಲ ಮೃದು. ಮಧ್ಯಾಹ್ನದ ಹೊತ್ತಿಗೆ ಕೆಸರು. ಆಗ ತೊಯ್ದ ಹಿಮ ರಾಶಿಯಾಗಿ ಕುಸಿಯುವ ಭಯವೂ ಇರುತ್ತದೆ. ಕಾಲ ಮುಗಿಯುತ್ತ ಬಂದಿದೆ ಎಂಬುದನ್ನು ಪ್ರಕೃತಿಯೇ ಹೀಗೆ ಸೂಚಿಸುತ್ತದೆ.

ಕೆಲವು ವರ್ಷ ಪ್ರಕೃತಿಯೇ ಕಾಲವನ್ನು ನೀಡುವುದುಂಟು. 2022-23ರ ಚಳಿಗಾಲದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅಪಾರ ಹಿಮ ಬಿದ್ದುದರಿಂದ ಅಲ್ಲಿನ ಮ್ಯಾಮತ್ ಪರ್ವತದಲ್ಲಿ 2023ರ ಆಗಸ್ಟ್ ಮೊದಲ ವಾರದವರೆಗೂ ಆಟ ನಡೆಯಿತು. ತುಂಬಿದ ಕೆರೆಯಿಂದ ಬೇಸಿಗೆಯಲ್ಲೂ ಒಂದು ಬೆಳೆ ತೆಗೆದಂತೆ ಇದು. ಇದರಲ್ಲಿ ದೋಷ ಹುಡುಕಬೇಕಾದುದಿಲ್ಲ. ಪ್ರಶ್ನೆ ಏಳುವುದು, ಮುಗಿದ ಕಾಲವನ್ನು ಮನುಷ್ಯನು ಬಲವಂತದಿಂದ ಎಳೆಯಹೊರಟಾಗ.

ಎಳೆಯುವ ಉಪಾಯಗಳು ಹಲವು. ನೀರನ್ನು ಸಣ್ಣ ಹನಿಗಳಾಗಿ ಚಳಿಗಾಳಿಗೆ ಸಿಡಿಸಿ ಹಿಮ ಮಾಡುವ ಯಂತ್ರ 1950ರಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಸಿದ್ಧವಾಯಿತು. ಈಗ ಅದಿಲ್ಲದೆ ಅನೇಕ ಕೇಂದ್ರಗಳು ಬಾಗಿಲನ್ನೇ ತೆರೆಯಲಾರವು. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್ ಬಹುತೇಕ ಇಂತಹ ಕೃತಕ ಹಿಮದ ಮೇಲೆಯೇ ನಡೆಯಿತು. ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಚಳಿಗಾಲದ ಹಿಮರಾಶಿಯನ್ನು ಮರದ ಹೊಟ್ಟಿನಿಂದ ಮುಚ್ಚಿ, ಬೇಸಿಗೆ ಕಳೆದ ಮೇಲೆ ಮತ್ತೆ ಹಾಸುತ್ತಾರೆ. ಇಟಲಿಯ ಪ್ರೆಸೇನಾದಲ್ಲಿ ಹಿಮನದಿಗೇ ಬಿಳಿಯ ಹೊದಿಕೆ ಹೊದಿಸುತ್ತಾರೆ.

ಕೃತಕ ಹಿಮಕ್ಕೆ ನೀರು ಬೇಕು. ಒಂದು ಹೆಕ್ಟೇರ್ ಇಳಿಜಾರಿಗೆ ಒಂದು ಅಡಿ ದಪ್ಪ ಹಿಮ ಹಾಸಲು ಸುಮಾರು 10 ಲಕ್ಷ ಲೀಟರ್ ನೀರು ಹಿಡಿಯುತ್ತದೆ. ಅದು ಎರಡೂವರೆ ಎಕರೆ ಹೊಲದಲ್ಲಿ ನಾಲ್ಕು ಅಂಗುಲ ಮಳೆ ಬಿದ್ದಷ್ಟು. ಮುಂಗಾರಿನ ಒಂದು ತಿಂಗಳಲ್ಲಿ ಅಷ್ಟು ಮಳೆ ಬಂದರೆ ಕೂಡ್ಲಿಗಿಯ ರೈತ ಸಂತೋಷಪಡುತ್ತಾನೆ. ಆ ನೀರು ಕರಗಿ ಮತ್ತೆ ಹೊಳೆಗೇ ಸೇರುತ್ತದೆಯಲ್ಲವೇ ಎಂದು ಉದ್ಯಮದವರು ಕೇಳುತ್ತಾರೆ. ಬಹುಪಾಲು ಸೇರುವುದು ನಿಜ. ಆದರೆ ಒಂದಂಶ ಆವಿಯಾಗಿ ಹೋಗುತ್ತದೆ. ಹೊಳೆ ಕ್ಷೀಣವಾಗಿರುವ ಚಳಿಗಾಲದಲ್ಲೇ ನೀರನ್ನು ಎತ್ತಬೇಕಾಗುತ್ತದೆ. ಎತ್ತಲು ವಿದ್ಯುತ್ ವ್ಯಯವಾಗುತ್ತದೆ. ಇನ್ನೊಂದು ಸಂಗತಿ ಜೈನರ ಗಮನಕ್ಕೆ ಬರಬೇಕಾದುದು. ಕೆಲವು ದೇಶಗಳಲ್ಲಿ ನೀರು ಬೇಗ ಹೆಪ್ಪುಗಟ್ಟಲೆಂದು ಒಂದು ಜಾತಿಯ ಬ್ಯಾಕ್ಟೀರಿಯಾವನ್ನು ಬೆಳೆಸಿ, ನಿರ್ಜೀವಗೊಳಿಸಿ, ಅದರ ಪ್ರೋಟೀನನ್ನು ಬೆರೆಸುವ ಪದ್ಧತಿಯಿದೆ.

ನಮ್ಮ ದೇಶದ ಹಿಮಕೇಂದ್ರಗಳ ಸ್ಥಿತಿಯೂ ಯೋಚನೆಗೆ ಹಚ್ಚುವಂತಿದೆ. 2011ರ ಜನವರಿಯಲ್ಲಿ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡೆಗಳು ನಡೆದ ಉತ್ತರಾಖಂಡದ ಔಲಿಯಲ್ಲಿ ಹಿಮ ಮಾಡುವ ಯಂತ್ರಗಳಿದ್ದರೂ ಹಿಮದ ಅಭಾವದಿಂದ ನಂತರ ಹಲವು ಬಾರಿ ಸ್ಪರ್ಧೆಗಳು ರದ್ದಾದವು. 2024ರ ಜನವರಿಯಲ್ಲಿ ಕಾಶ್ಮೀರದ ಗುಲ್ಮಾರ್ಗ್ ಹಿಮವಿಲ್ಲದೆ ಬರಿದಾಗಿತ್ತು. 2025ರ ಫೆಬ್ರವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಕ್ರೀಡೆಗಳು ಮಾರ್ಚಿಗೆ ಮುಂದೂಡಲ್ಪಟ್ಟವು. ಬೇಸಿಗೆಯಲ್ಲೂ ಹಿಮ ದೊರೆಯುವ ರೋಹ್ತಾಂಗ್ ಕಣಿವೆಗೆ ಪ್ರವಾಸಿಗರ ವಾಹನಗಳು ಮಿತಿಮೀರಿ, ಹೊಗೆಯ ಮಸಿ ಹಿಮದ ಮೇಲೆ ಕೂಡತೊಡಗಿದಾಗ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014ರಲ್ಲಿ ಮಧ್ಯಪ್ರವೇಶಿಸಿತು. ಮುಂದೆ ದಿನವೊಂದಕ್ಕೆ ಹೋಗುವ ವಾಹನಗಳ ಸಂಖ್ಯೆಗೆ ಮಿತಿ ಬಂದಿತು. ಮಸಿ ಕುಳಿತ ಹಿಮ ಬಿಸಿಲನ್ನು ಹೀರಿ ಬೇಗ ಕರಗುತ್ತದೆ. ಹಿಮವನ್ನು ನೋಡಲು ಹೋದವರೇ ಹಿಮದ ಕಾಲವನ್ನು ಕಿರಿದು ಮಾಡಿದಂತಾಯಿತು. ಬೊಲಿವಿಯಾದ ಚಕಲ್ತಾಯಾ, ಜಗತ್ತಿನ ಅತ್ಯುನ್ನತ ಸ್ಕೀ ಕೇಂದ್ರಗಳಲ್ಲೊಂದೆಂದು ಹೆಸರಾಗಿತ್ತು. ಅದರ ಹಿಮನದಿ 2009ರ ಹೊತ್ತಿಗೆ ಪೂರ್ಣವಾಗಿ ಕರಗಿಹೋಯಿತು.

ಹಾಗೆಂದು ಉದ್ಯಮವನ್ನು ಸುಲಭವಾಗಿ ನಿಂದಿಸುವುದು ನ್ಯಾಯವಲ್ಲ. ಬೆಟ್ಟದ ಮಾರ್ಗದರ್ಶಕ, ಕುದುರೆಯವ, ಕೋಟು-ಬೂಟು ಬಾಡಿಗೆಗೆ ಕೊಡುವವ, ಹೋಟೆಲಿನ ಕೆಲಸದವ – ಇವರ ವರ್ಷದ ಅನ್ನ ಕೆಲವೇ ತಿಂಗಳ ದುಡಿಮೆಯಲ್ಲಿದೆ. ಮೂರು ವಾರ ಕಾಲ ಮೊಟಕಾದರೆ ಒಂದು ಮನೆಯ ಸಾಲ ಬೆಳೆಯುತ್ತದೆ. ಮಳೆ ತಪ್ಪಿ ಗುಳೆ ಹೋಗುವವರನ್ನು ಕಂಡ ಹರಪನಹಳ್ಳಿ, ಕೂಡ್ಲಿಗಿಗಳಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅವರ ಹೊಟ್ಟೆಪಾಡಿಗೆ ಮುಗಿದ ಹಿಮವನ್ನು ಎಳೆಯುವುದು ತಾತ್ಕಾಲಿಕ ಪರಿಹಾರ. ಬೇರೆ ಋತುವಿಗೆ ಬೇರೆ ಜೀವನೋಪಾಯ ದೊರೆಯುವುದೇ ನಿಜವಾದ ಪರಿಹಾರ.

ಈ ವಿಷಯದಲ್ಲಿ ಶ್ರಾವಕಾಚಾರ ನೀಡುವ ಬೆಳಕು ವಿಶಿಷ್ಟವಾದುದು. ಹಿಮ, ಇಬ್ಬನಿ, ಆಲಿಕಲ್ಲುಗಳನ್ನು ನಮ್ಮ ಆಗಮಗಳು ಜಲಕಾಯಿಕ ಜೀವಗಳಲ್ಲಿ ಎಣಿಸಿವೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ನೆಲ, ನೀರು, ಬೆಂಕಿ, ಗಾಳಿಗಳನ್ನು ನಿಷ್ಪ್ರಯೋಜಕವಾಗಿ ಕದಡುವುದನ್ನೂ, ವ್ಯರ್ಥವಾಗಿ ತಿರುಗಾಡುವುದನ್ನೂ ಪ್ರಮಾದಚರ್ಯೆಯೆಂದು ಅನರ್ಥದಂಡದಲ್ಲಿ ಸೇರಿಸಿದೆ. ಅದೇ ಗ್ರಂಥ ಭೋಗೋಪಭೋಗ ಪರಿಮಾಣವನ್ನು ವಿವರಿಸುವಾಗ, ಜೀವನಪರ್ಯಂತದ ತ್ಯಾಗವನ್ನು ಯಮವೆಂದೂ ಕಾಲಮಿತಿಯ ತ್ಯಾಗವನ್ನು ನಿಯಮವೆಂದೂ ಹೇಳಿ, ಆ ಕಾಲದ ಅಳತೆಗಳಲ್ಲಿ ಹಗಲು, ರಾತ್ರಿ, ಪಕ್ಷ, ಮಾಸಗಳ ಜೊತೆಗೆ ಋತುವನ್ನೂ ಹೆಸರಿಸುತ್ತದೆ. ಇದು ಮನನಯೋಗ್ಯ. ಉದ್ಯಮಕ್ಕೆ ಋತುವು ಭೋಗವನ್ನು ಹಿಗ್ಗಿಸುವ ಅವಕಾಶ. ಶ್ರಾವಕನಿಗೆ ಅದು ಭೋಗವನ್ನು ಅಳೆಯುವ ಕೋಲು. ಮುನಿಗಳು ಚಾತುರ್ಮಾಸದಲ್ಲಿ ಒಂದೆಡೆ ನಿಲ್ಲುವುದು ಮಳೆಗಾಲದ ಜೀವರಾಶಿಗೆ ದಾರಿ ಬಿಡುವುದಕ್ಕಾಗಿ. ಹಿಮ ಬೀಳುವ ಕಾಲ ಬಂದಾಗ ಬದರಿಯ ದೇಗುಲದ ಬಾಗಿಲೂ ಆರು ತಿಂಗಳು ಮುಚ್ಚುತ್ತದೆ. ಭಕ್ತರಾರೂ ಅದನ್ನು ನಷ್ಟವೆಂದು ಎಣಿಸುವುದಿಲ್ಲ.

ಹಿಮವಂತನ ಮಾತನ್ನಾಡಿ ಬಯಲುಸೀಮೆ ಕೈತೊಳೆದುಕೊಳ್ಳುವಂತಿಲ್ಲ. ಕೆರೆ ಬತ್ತಿದ ಮೇಲೆ ನೂರಾರು ಅಡಿ ಆಳದ ಕೊಳವೆಬಾವಿಯಿಂದ ಬೇಸಿಗೆಯ ಬೆಳೆಯನ್ನು ಎಳೆಯುವುದಕ್ಕೂ, ಹೊಳೆ ಬತ್ತುವಾಗ ಬೆಟ್ಟಕ್ಕೆ ಹಿಮ ಹಾಸುವುದಕ್ಕೂ ಸ್ವಭಾವದಲ್ಲಿ ಭೇದ ಕಡಿಮೆ. ಒಂದು ಹೊಟ್ಟೆಗಾಗಿ, ಇನ್ನೊಂದು ವಿನೋದಕ್ಕಾಗಿ ಎಂಬ ಭೇದವಂತೂ ದೊಡ್ಡದೇ. ಆದರೆ ಎರಡರಲ್ಲೂ ಮುಂದಿನ ವರ್ಷದ, ಪಕ್ಕದ ಹೊಲದ ನೀರು ಇಂದೇ ಖರ್ಚಾಗುತ್ತದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಸಾವಿರಾರು ನೀರುಹಕ್ಕಿಗಳಿಗೆ ಅದು ಆಶ್ರಯ. ಊರಿನ ವ್ಯವಸಾಯಕ್ಕೆಂದು ಹಿರಿಯರು ಕಟ್ಟಿದ ಕೆರೆಯಲ್ಲಿ ಇತರ ಜೀವಗಳ ಪಾಲೂ ಉಳಿದಿದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಬೇಸಿಗೆಯ ಯಾತ್ರೆಯನ್ನು ಏರ್ಪಡಿಸುವ ಬಸದಿಗಳ ಟ್ರಸ್ಟುಗಳು ಹೊರಡುವ ಮುನ್ನವೇ ಕೆಲವು ಮಿತಿಗಳನ್ನು ನಿಶ್ಚಯಿಸಬಹುದು. ಸಣ್ಣ ವಾಹನಗಳ ಸಾಲಿಗೆ ಬದಲಾಗಿ ಒಂದೇ ಬಸ್ಸು. ಹಿಮ ಇದ್ದಲ್ಲಿ ಅದರ ದರ್ಶನ, ಇಲ್ಲದಿದ್ದಲ್ಲಿ ಅದಕ್ಕಾಗಿ ಮತ್ತೂ ಎತ್ತರಕ್ಕೆ ಓಡದಿರುವ ಸಂಕಲ್ಪ. ಕಾಗದ, ಪ್ಲಾಸ್ಟಿಕ್ಕುಗಳನ್ನು ಬೆಟ್ಟದಲ್ಲಿ ಬಿಡದ ಎಚ್ಚರ. ದಿಗ್ವ್ರತವನ್ನು ಹಿರಿಯರು ಬಾಯಲ್ಲಿ ಹೇಳುವುದಕ್ಕಿಂತ ಮಕ್ಕಳ ಕಣ್ಣೆದುರು ಹೀಗೆ ಆಚರಿಸಿದರೆ ಅದು ಹೆಚ್ಚು ಕಾಲ ನಿಲ್ಲುತ್ತದೆ. ಹಿಮ ಇರುತ್ತದೆಯೇ ಎಂದು ಕೇಳುವ ಮಗುವಿಗೆ, “ಇದ್ದರೆ ನೋಡೋಣ, ಕರಗಿದ್ದರೆ ಅದು ಕೆಳಗಿನ ಹೊಲಗಳಿಗೆ ಹೋಗಿದೆ” ಎಂದು ತಾಯಿ ತಂದೆಯರು ಉತ್ತರಿಸಬಹುದು. ಆ ಉತ್ತರದಲ್ಲಿ ನಿರಾಶೆಗೆ ಕಾರಣವಿಲ್ಲ. ಸತ್ಯವಿದೆ, ಸಂಯಮದ ಮೊದಲ ಪಾಠವೂ ಇದೆ.